ಶಿಫ್ಟ್ ಕೀಯಿಂದ ಕೈ ತೆಗಿ

(ಪ್ರಿನ್ಸ್ ಆಫ್ ಪರ್ಷಿಯಾ ಆಟದ ಬಗ್ಗೆ ಆಡಿದ ಮಾತಿನ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಹತ್ತು ಸೆಕೆಂಡಿನ ಒಂದು ದೃಶ್ಯ ತೋರಿಸುತ್ತೇನೆ. ಕಲ್ಲಿನ ಗೋಡೆ. ಉರಿಯುವ ಪಂಜು. ಬಿಳಿ ಬಟ್ಟೆ ತೊಟ್ಟ, ಬರಿಗಾಲಿನ ಒಬ್ಬ ಹುಡುಗ. ಅವನು ಓಡುತ್ತಾನೆ. ಕಂದರದ ಅಂಚಿನಲ್ಲಿ ಜಿಗಿಯುತ್ತಾನೆ. ಎದುರಿನ ಅಂಚು ಕೈಗೆ ಸಿಗುತ್ತದೆ. ಒಂದು ಗಳಿಗೆ ತೂಗಾಡುತ್ತಾನೆ. ಆಮೇಲೆ ಮೈಯನ್ನು ನಿಧಾನವಾಗಿ ಮೇಲಕ್ಕೆ ಎಳೆದುಕೊಂಡು, ಮೊಣಕಾಲೂರಿ ಎದ್ದು ನಿಲ್ಲುತ್ತಾನೆ.

ನೋಡಿದಿರಲ್ಲ. ಕೆಲವರ ಮುಖದಲ್ಲಿ ಗುರುತು ಸಿಕ್ಕ ನಗು ಕಾಣುತ್ತಿದೆ. ಹೌದು, ಇದು ಪ್ರಿನ್ಸ್ ಆಫ್ ಪರ್ಷಿಯಾ. 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ, 1990ರಲ್ಲಿ ಡಾಸ್ ಎಂಬ ಹಳೆಯ ವ್ಯವಸ್ಥೆಯ ಕಂಪ್ಯೂಟರಿಗೆ ಬಂದ ಆಟ. ಇದನ್ನು ಕಂಡೇ ಇರದ ಚಿಕ್ಕವರೂ ಇಲ್ಲಿದ್ದೀರಿ. ನಿಮಗೆ ಇದು ತುಂಬಾ ಸರಳ ಅನ್ನಿಸಬಹುದು. ಒಂದು ಪರದೆಯಲ್ಲಿ ಮೂರು ಅಂತಸ್ತು, ಒಂದೊಂದು ಅಂತಸ್ತಿನಲ್ಲಿ ಹತ್ತು ಚಪ್ಪಡಿ. ಒಂದು ಸಲಕ್ಕೆ ಕಾಣುವ ಜಗತ್ತು ಅಷ್ಟೇ. ಆದರೂ ಒಂದು ಮಾತು ಕೇಳುತ್ತೇನೆ. ಆ ಹುಡುಗ ಅಂಚು ಹಿಡಿದು ತೂಗಾಡಿದಾಗ ನಿಮ್ಮ ಭುಜದಲ್ಲಿ ಏನಾದರೂ ಆಯ್ತಾ? ಯಾರೋ ನಿಮ್ಮ ಕೈಯನ್ನೇ ಹಿಡಿದು ಜಗ್ಗಿದ ಹಾಗೆ? ನನಗೆ ಇವತ್ತಿಗೂ ಆಗುತ್ತದೆ. ಆ ಜಗ್ಗುವಿಕೆ ಎಲ್ಲಿಂದ ಬಂತು ಅನ್ನುವುದೇ ನನ್ನ ಇವತ್ತಿನ ಮಾತು.

ಈ ಆಟವನ್ನು ನಾನು ಒಬ್ಬನೇ ಆಡಿದವನಲ್ಲ. ನನಗಾಗ ಎಂಟು ವರ್ಷ, ಅಕ್ಕನಿಗೆ ಹನ್ನೊಂದು. ಮನೆಯಲ್ಲಿ ಒಂದೇ ಕಂಪ್ಯೂಟರ್, ಒಂದೇ ಕೀಬೋರ್ಡ್. ಸರದಿ ಪ್ರಕಾರ ಆಡಿದರೆ ಕಾಯುವವರಿಗೆ ಬೇಜಾರು, ಆಡುವವರಿಗೆ ಕಿರಿಕಿರಿ. ಅಕ್ಕ ಒಂದು ದಾರಿ ಹುಡುಕಿದಳು. ಬಾಣದ ಕೀಗಳೆಲ್ಲ ಅವಳಿಗೆ. ಶಿಫ್ಟ್ ಕೀ ಒಂದೇ ನನಗೆ.

ನಾಲ್ಕು ಕೀ ಅವಳಿಗೆ, ಒಂದು ನನಗೆ. ಹಂಚಿಕೆ ಸರಿಯಿಲ್ಲ ಅನ್ನಿಸಬಹುದು. ಆದರೆ ಆ ಆಟದಲ್ಲಿ ಶಿಫ್ಟ್ ಕೀ ಸಣ್ಣ ಕೆಲಸದ್ದಲ್ಲ. ಬೀಳುವಾಗ ಅಂಚು ಹಿಡಿಯಬೇಕಾದರೆ ಶಿಫ್ಟ್. ಮುಳ್ಳುಗಳಿರುವ ಕಡೆ ಒಂದೊಂದೇ ಹೆಜ್ಜೆ ಇಡಬೇಕಾದರೆ ಬಾಣದ ಜೊತೆಗೆ ಶಿಫ್ಟ್. ಸೀಸೆಯಲ್ಲಿನ ಔಷಧಿ ಕುಡಿಯಲು ಶಿಫ್ಟ್. ನೆಲದ ಮೇಲೆ ಬಿದ್ದ ಕತ್ತಿ ಎತ್ತಲು ಶಿಫ್ಟ್. ಕಾವಲುಗಾರ ಎದುರಾದರೆ ಇರಿಯಲೂ ಶಿಫ್ಟ್. ಓಡುವುದು, ಹಾರುವುದು, ಏಟು ತಡೆಯುವುದು ಅಕ್ಕ. ಹಿಡಿಯುವುದು, ಕುಡಿಯುವುದು, ಹೊಡೆಯುವುದು ನಾನು. ಒಬ್ಬ ಹುಡುಗನ ಕಾಲು ಅವಳು, ಕೈ ನಾನು.

ಹಾಗೆ ಎರಡು ಮನಸ್ಸಿನಿಂದ ಒಂದು ಮೈ ನಡೆಸುವುದು ಎಷ್ಟು ಕಷ್ಟ ಅಂತ ಆಡಿದವರಿಗೇ ಗೊತ್ತು. ಅವಳು ಜಿಗಿದಾಗ ನಾನು ಸಿದ್ಧನಿರಬೇಕು. ಹಿಡಿಯುವುದು ಒಂದು ಚೂರು ತಡವಾದರೆ ಹುಡುಗ ಕೆಳಗೆ ಹೋದ ಅಂತಲೇ ಅರ್ಥ. "ಹಿಡಿ!" ಅಂತ ಅವಳು ಕೂಗುತ್ತಿದ್ದಳು. ನಾನು ಉಸಿರು ಬಿಗಿಹಿಡಿದು ಒತ್ತುತ್ತಿದ್ದೆ. ಅವನು ತೂಗಾಡುವಷ್ಟು ಹೊತ್ತೂ ನನ್ನ ಬೆರಳು ಕೀ ಮೇಲೆಯೇ ಇರಬೇಕಿತ್ತು. ಬಿಟ್ಟರೆ ಅವನೂ ಬಿಡುತ್ತಿದ್ದ. ನನ್ನ ಬೆರಳೇ ಅವನ ಬೆರಳು.

ಈಗ ಆ ಬೀಳುವಿಕೆಯ ಬಗ್ಗೆ ಸ್ವಲ್ಪ ಹೇಳಬೇಕು. ಆ ಕಾಲದ ಬಹಳಷ್ಟು ಆಟಗಳಲ್ಲಿ ಬಿದ್ದರೆ ಎರಡೇ ಸಾಧ್ಯತೆ. ಏನೂ ಆಗದೆ ನಿಲ್ಲುತ್ತೀರಿ, ಇಲ್ಲ ಗುಂಡಿಗೆ ಬಿದ್ದು ಸಾಯುತ್ತೀರಿ. ಇಲ್ಲಿ ಹಾಗಲ್ಲ. ಒಂದು ಅಂತಸ್ತು ಬಿದ್ದರೆ ಹುಡುಗ ಮೊಣಕಾಲು ಮಡಚಿ ಕೂತು ಏಳುತ್ತಾನೆ. ಎರಡು ಅಂತಸ್ತು ಬಿದ್ದರೆ ದೊಪ್ಪನೆ ಬೀಳುತ್ತಾನೆ, ಪರದೆಯ ಕೆಳಗೆ ಕಾಣುವ ಜೀವದ ಗುರುತುಗಳಲ್ಲಿ ಒಂದು ಹೋಗುತ್ತದೆ, ಏಳಲು ಹೊತ್ತು ಬೇಕಾಗುತ್ತದೆ. ಮೂರು ಅಂತಸ್ತು ಬಿದ್ದರೆ ಮುಗಿಯಿತು. ಅಂದರೆ ಎತ್ತರಕ್ಕೆ ಒಂದು ಬೆಲೆ ಇದೆ. ಆಟ ಅದನ್ನು ಎಲ್ಲೂ ಬರೆದು ಹೇಳುವುದಿಲ್ಲ. ನಾಲ್ಕಾರು ಸಲ ಬಿದ್ದ ಮೇಲೆ ಅಂಚಿನಲ್ಲಿ ನಿಂತು ಕೆಳಗೆ ನೋಡುವುದನ್ನು ನಾವೇ ಕಲಿಯುತ್ತೇವೆ.

ಓಟಕ್ಕೂ ಹಾಗೆಯೇ. ಬಾಣ ಒತ್ತಿದ ತಕ್ಷಣ ಅವನು ಹಾರಿ ಹೋಗುವುದಿಲ್ಲ. ಮೊದಲು ಮೈ ಮುಂದಕ್ಕೆ ಬಾಗುತ್ತದೆ, ಒಂದೆರಡು ಹೆಜ್ಜೆಯಲ್ಲಿ ವೇಗ ಹಿಡಿಯುತ್ತದೆ. ಕೀ ಬಿಟ್ಟ ಕೂಡಲೇ ನಿಲ್ಲುವುದೂ ಇಲ್ಲ, ಕಾಲು ಜಾರಿ ಮುಂದೆ ಹೋಗಿ ನಿಲ್ಲುತ್ತಾನೆ. ತಿರುಗಬೇಕಾದರೆ ಮೈ ಪೂರ್ತಿ ತಿರುಗಬೇಕು. ಮೊದಲ ದಿನ ಇದು ಸಿಟ್ಟು ತರಿಸುತ್ತದೆ. "ಒತ್ತಿದೆ, ಕೇಳಲೇ ಇಲ್ಲ" ಅಂತ ಅನ್ನಿಸುತ್ತದೆ. ಒಂದು ವಾರದ ನಂತರ ಗೊತ್ತಾಗುತ್ತದೆ, ಅವನು ಕೇಳಿದ್ದಾನೆ, ಆದರೆ ಅವನಿಗೂ ಒಂದು ಮೈ ಇದೆ. ಆ ಮೈಯ ಲೆಕ್ಕ ಹಿಡಿದು ನಾವು ಮುಂಚೆಯೇ ಯೋಚಿಸಬೇಕು. ಇವತ್ತಿಗೂ ಈ ಆಟ ನನಗೆ ದೊಡ್ಡದು ಅನ್ನಿಸುವುದಕ್ಕೆ ಮೊದಲ ಕಾರಣ ಇದೇ. ಹೆಜ್ಜೆ ಇಟ್ಟರೆ ಇಟ್ಟ ಹಾಗೆ ಅನ್ನುವುದನ್ನು ಅದು ಬೆರಳಿಗೆ ಕಲಿಸಿತು.

ಆ ಮೈ ಎಲ್ಲಿಂದ ಬಂತು? ಇದು ನನಗೆ ಗೊತ್ತಾಗಿದ್ದು ದೊಡ್ಡವನಾದ ಮೇಲೆ. ಗೊತ್ತಾದ ದಿನ ಅಕ್ಕನಿಗೆ ಫೋನ್ ಮಾಡಿ ಒಂದು ಗಂಟೆ ಮಾತಾಡಿದ್ದೆ.

ಆಟ ಮಾಡಿದವನು ಜೋರ್ಡನ್ ಮೆಕ್ನರ್, ಅಮೆರಿಕದವನು. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ಕರಾಟೆಕಾ ಎಂಬ ಆಟ ಮಾಡಿದ್ದ, ಅದು 1984ರಲ್ಲಿ ಬಂತು. ಮುಂದಿನ ಆಟಕ್ಕೆ ಅವನಿಗೆ ಬೇಕಾಗಿದ್ದು ಒಂದೇ: ನಿಜವಾದ ಮನುಷ್ಯನ ಹಾಗೆ ಓಡುವ, ಬೀಳುವ, ಏದುಸಿರು ಬಿಡುವ ನಾಯಕ. ಅವನು ಅಂಥ ದೊಡ್ಡ ಚಿತ್ರಗಾರನಾಗಿರಲಿಲ್ಲ. ಓಡುವ ಕಾಲನ್ನು ಮನಸ್ಸಿನಿಂದ ಬಿಡಿಸುವುದು ಅವನಿಂದ ಆಗುವ ಕೆಲಸವಲ್ಲ. ಅದಕ್ಕೆ 1985ರಲ್ಲಿ ತನ್ನ ತಮ್ಮ ಡೇವಿಡ್‌ನನ್ನು ಕರೆದುಕೊಂಡು ಹೊರಟ. ಡೇವಿಡ್ ಆಗಿನ್ನೂ ಶಾಲೆಗೆ ಹೋಗುವ ಹುಡುಗ. ನ್ಯೂಯಾರ್ಕ್ ರಾಜ್ಯದಲ್ಲಿ ಅವರ ಮನೆಯ ಹತ್ತಿರ ರೀಡರ್ಸ್ ಡೈಜೆಸ್ಟ್ ಕಚೇರಿಯ ಪಾರ್ಕಿಂಗ್ ಜಾಗ ಇತ್ತು. ಅಲ್ಲಿ ತಮ್ಮನಿಗೆ ಬಿಳಿ ಬಟ್ಟೆ ಹಾಕಿಸಿ, ಓಡು ಅಂದ, ಹಾರು ಅಂದ, ಗೋಡೆ ಹತ್ತು ಅಂದ. ವಿಡಿಯೋ ಕ್ಯಾಮೆರಾ ಹಿಡಿದು ಎಲ್ಲವನ್ನೂ ತೆಗೆದ.

ಆ ವಿಡಿಯೋ ಈಗಲೂ ಇದೆ, ಇಲ್ಲಿ ನೋಡಿ. ಕಾರುಗಳ ಜಾಗದಲ್ಲಿ ಒಬ್ಬ ಸಪೂರ ಹುಡುಗ ಓಡಿ ಬಂದು ಜಿಗಿಯುತ್ತಿದ್ದಾನೆ. ಕೈ ಹಾರಾಡುತ್ತಿವೆ. ಇಳಿದಾಗ ತುಸು ತಡವರಿಸುತ್ತಾನೆ. ಈಗ ಪಕ್ಕದಲ್ಲಿ ಆಟ ಹಾಕುತ್ತೇನೆ. ಅದೇ ಕೈ. ಅದೇ ತಡವರಿಕೆ.

ವಿಡಿಯೋದಿಂದ ಆಟಕ್ಕೆ ಬರುವ ದಾರಿ ಸುಲಭದ್ದಾಗಿರಲಿಲ್ಲ. ಟಿವಿಯಲ್ಲಿ ಟೇಪನ್ನು ಒಂದೊಂದು ಚಿತ್ರಕ್ಕೆ ನಿಲ್ಲಿಸಬೇಕು. ನಿಲ್ಲಿಸಿದ ಪರದೆಯ ಫೋಟೋ ತೆಗೆಯಬೇಕು. ರೀಲನ್ನು ತೊಳೆಸಿ ಪ್ರಿಂಟ್ ಹಾಕಿಸಬೇಕು. ಆ ಫೋಟೋಗಳ ಮೇಲೆ ಕಪ್ಪು ಮಾರ್ಕರ್ ಮತ್ತು ಬಿಳಿ ಬಣ್ಣ ಹಚ್ಚಿ ಮನುಷ್ಯನ ಆಕಾರವನ್ನು ಬಿಡಿಸಿ ತೆಗೆಯಬೇಕು. ಆಮೇಲೆ ಅದನ್ನು ಕಂಪ್ಯೂಟರಿಗೆ ಸೇರಿಸಿ, ಚುಕ್ಕಿ ಚುಕ್ಕಿಯಾಗಿ ತಿದ್ದಬೇಕು. ಹೀಗೆ ನಿಜವಾದ ಚಲನೆಯ ಮೇಲೆ ಗೆರೆ ಎಳೆದು ಚಿತ್ರ ಮಾಡುವುದಕ್ಕೆ ರೋಟೋಸ್ಕೋಪಿಂಗ್ ಅನ್ನುತ್ತಾರೆ. ಹೊಸ ವಿದ್ಯೆಯೇನಲ್ಲ. ಮ್ಯಾಕ್ಸ್ ಫ್ಲೈಷರ್ ಇದಕ್ಕೆ 1917ರಲ್ಲೇ ಪೇಟೆಂಟ್ ಪಡೆದಿದ್ದ. ಕತ್ತಿವರಸೆಗೂ ಮೆಕ್ನರ್ ಇದೇ ದಾರಿ ಹಿಡಿದ. 1938ರ ರಾಬಿನ್ ಹುಡ್ ಸಿನಿಮಾದ ಕೊನೆಯ ಕತ್ತಿ ಕಾಳಗದಲ್ಲಿ ಇಬ್ಬರೂ ಕ್ಯಾಮೆರಾಕ್ಕೆ ಸರಿಯಾಗಿ ಪಕ್ಕ ತೋರಿಸಿ ನಿಂತು ಕಾದಾಡುವ ಕೆಲವೇ ಸೆಕೆಂಡುಗಳಿವೆ. ಆಟದ ಕಾವಲುಗಾರರೆಲ್ಲ ಕತ್ತಿ ಬೀಸುವುದು ಆ ಕೆಲವು ಸೆಕೆಂಡುಗಳಿಂದ ಕಲಿತು.

ಆಟದ ಸಂಗೀತ ಮಾಡಿದ್ದು ಯಾರು ಗೊತ್ತಾ? ಅವರ ಅಪ್ಪ, ಫ್ರಾನ್ಸಿಸ್ ಮೆಕ್ನರ್. ವೃತ್ತಿಯಲ್ಲಿ ಮನಶ್ಶಾಸ್ತ್ರಜ್ಞ. ಅಣ್ಣನ ತಲೆ, ತಮ್ಮನ ಮೈ, ಅಪ್ಪನ ರಾಗ. ಒಂದೇ ಕೀಬೋರ್ಡಿಗೆ ಇಬ್ಬರು ಜೋತುಬಿದ್ದಿದ್ದ ನಮ್ಮ ಕೋಣೆಯೊಳಗೆ ಇನ್ನೊಂದು ಮನೆಯವರು ಆಗಲೇ ಬಂದು ಕೂತಿದ್ದರು, ನಮಗೆ ಗೊತ್ತಿರಲಿಲ್ಲ ಅಷ್ಟೇ.

ನನ್ನನ್ನು ಜಾಸ್ತಿ ಕಾಡುವುದು ಇದು. ಡೇವಿಡ್ ಈಗ ನಡುವಯಸ್ಸು ದಾಟಿದ ಮನುಷ್ಯ. ಆದರೆ 1985ರ ಆ ದಿನ ಅವನ ಮೈ ಹೇಗೆ ಓಡಿತೋ ಆ ಓಟ ಉಳಿದಿದೆ. ಬರೀ ಫೋಟೋ ಆಗಿ ಅಲ್ಲ, ನೋಡುವ ವಿಡಿಯೋ ಆಗಿಯೂ ಅಲ್ಲ. ನಾವು ಒಳಹೊಕ್ಕು ಓಡಬಹುದಾದ ಓಟವಾಗಿ ಉಳಿದಿದೆ. ಎಲ್ಲೋ ಒಂದು ಮಗು ಇವತ್ತು ಬಾಣದ ಕೀ ಒತ್ತಿದರೆ ಆ ಹುಡುಗನ ಕಾಲು ಮತ್ತೆ ಚಲಿಸುತ್ತದೆ. ಒಬ್ಬರ ಚಲನೆಯನ್ನು ಇನ್ನೊಬ್ಬರ ಕೈಗೆ ಕೊಡುವುದು ಬೇರೆ ಯಾವ ಕಲೆಗೆ ಸಾಧ್ಯ? ನಾನು ತುಂಬ ಯೋಚಿಸಿದ್ದೇನೆ. ನೃತ್ಯ ಕಲಿಸುವ ಗುರು ಮಾಡುವುದು ಇದಕ್ಕೆ ಹತ್ತಿರ ಬರುತ್ತದೆ. ಬೇರೇನೂ ನನಗೆ ಹೊಳೆದಿಲ್ಲ.

ಕಥೆಯನ್ನು ಬೇಗ ಹೇಳಿಬಿಡುತ್ತೇನೆ, ಅದರಲ್ಲಿ ಹೊಸದು ಕಡಿಮೆ. ಸುಲ್ತಾನ ಯುದ್ಧಕ್ಕೆ ಹೋಗಿದ್ದಾನೆ. ವಜೀರ ಜಾಫರ್ ಅಧಿಕಾರ ಕಸಿದುಕೊಂಡಿದ್ದಾನೆ. ನನ್ನನ್ನು ಮದುವೆಯಾಗು, ಇಲ್ಲವೇ ಸಾಯಿ ಅಂತ ರಾಜಕುಮಾರಿಗೆ ಒಂದು ಗಂಟೆ ಗಡುವು ಕೊಟ್ಟು, ಮರಳು ಗಡಿಯಾರ ತಿರುಗಿಸಿಟ್ಟು ಹೋಗಿದ್ದಾನೆ. ಅವಳು ಪ್ರೀತಿಸಿದ ಹುಡುಗ ನೆಲಮಾಳಿಗೆಯ ಸೆರೆಯಲ್ಲಿದ್ದಾನೆ. ಅವನ ಕೈಯಲ್ಲಿ ಕತ್ತಿ ಕೂಡ ಇಲ್ಲ. ಹನ್ನೆರಡು ಹಂತ ದಾಟಿ ಮೇಲೆ ಹೋಗಬೇಕು. ಇದು ಸಾವಿರದೊಂದು ರಾತ್ರಿಗಳ ಕಥೆಗಳಿಂದ ಆಯ್ದುಕೊಂಡ ಕಾಲ್ಪನಿಕ ಪರ್ಷಿಯಾ, ಇತಿಹಾಸದ ಇರಾನ್ ಅಲ್ಲ. ಚಿಕ್ಕಂದಿನಲ್ಲಿ ನನಗೆ ಆ ವ್ಯತ್ಯಾಸ ತಿಳಿದಿರಲಿಲ್ಲ. ಮಕ್ಕಳಿಗೆ ಇದನ್ನು ತೋರಿಸುವವರು ಆ ಮಾತನ್ನೂ ಹೇಳಿದರೆ ಒಳ್ಳೆಯದು.

ಅಕ್ಕನಿಗೆ ಬೇರೆ ತಕರಾರಿತ್ತು. "ಅವಳು ಯಾಕೆ ಸುಮ್ನೆ ಕೂತಿದ್ದಾಳೆ? ಬಾಗಿಲು ತೆಗೆದು ಬರೋಕೆ ಏನು?" ಅಂತ ಪ್ರತಿ ಸಲ ಕೇಳುತ್ತಿದ್ದಳು. ಆ ಪ್ರಶ್ನೆ ಸರಿಯಾಗಿಯೇ ಇತ್ತು, ಅದಕ್ಕೆ ಆಟದಲ್ಲಿ ಉತ್ತರ ಇಲ್ಲ. ಆದರೆ ಎಂಟನೇ ಹಂತದಲ್ಲಿ ಹುಡುಗ ಒಂದು ಗೇಟಿನ ಹಿಂದೆ ಸಿಕ್ಕಿಹಾಕಿಕೊಳ್ಳುತ್ತಾನೆ. ಎಲ್ಲಿ ಹೋದರೂ ದಾರಿಯಿಲ್ಲ. ಸುಮ್ಮನೆ ನಿಂತು ಕಾದರೆ ಒಂದು ಪುಟ್ಟ ಬಿಳಿ ಇಲಿ ಓಡಿಬಂದು ಚಪ್ಪಡಿ ಒತ್ತಿ ಗೇಟು ತೆರೆಯುತ್ತದೆ. ಅದನ್ನು ಕಳಿಸಿದ್ದು ರಾಜಕುಮಾರಿ. ಮೊದಲ ಸಲ ಆ ಇಲಿ ಬಂದಾಗ ಅಕ್ಕ ಕುರ್ಚಿಯಿಂದ ಎದ್ದು ನಿಂತುಬಿಟ್ಟಳು. "ನೋಡು, ಅವಳು ಕೂತಿಲ್ಲ!" ಅಂದಳು. ಇಡೀ ಆಟದಲ್ಲಿ ಅವಳಿಗೆ ಅದೇ ಅತಿ ಇಷ್ಟದ ಗಳಿಗೆ.

ಆ ಒಂದು ಗಂಟೆಯ ಗಡುವು ಸುಮ್ಮನೆ ಕಥೆಗೆ ಇಟ್ಟದ್ದಲ್ಲ. ಅದು ನಮ್ಮ ಗೋಡೆ ಗಡಿಯಾರದ ಒಂದು ಗಂಟೆ. ಸತ್ತರೆ ಆ ಹಂತದ ಶುರುವಿನಿಂದ ಮತ್ತೆ ಬದುಕುತ್ತೀರಿ, ಎಷ್ಟು ಸಲ ಬೇಕಾದರೂ. ಆದರೆ ಹೋದ ನಿಮಿಷ ವಾಪಸ್ ಬರುವುದಿಲ್ಲ. ಇದು ಎಂಥ ಜಾಣ ನಿಯಮ ನೋಡಿ. ತಪ್ಪು ಮಾಡಲು ಭಯಪಡಬೇಡ ಅನ್ನುತ್ತದೆ, ಆದರೆ ತಪ್ಪು ಪುಕ್ಕಟೆಯೂ ಅಲ್ಲ ಅನ್ನುತ್ತದೆ. ನಮ್ಮ ಮೊದಲ ತಿಂಗಳುಗಳಲ್ಲಿ ನಾವು ಮೂರನೇ ಹಂತಕ್ಕೆ ಬರುವಷ್ಟರಲ್ಲೇ ಅರ್ಧ ಗಂಟೆ ಖರ್ಚಾಗಿರುತ್ತಿತ್ತು. ನೆಲದ ಮೇಲೆ ಬಿದ್ದಿದ್ದ ಮೂಳೆಗಳ ರಾಶಿ ಇದ್ದಕ್ಕಿದ್ದಂತೆ ಎದ್ದು ಕತ್ತಿ ಹಿಡಿಯುವುದು ಅಲ್ಲೇ. ಅಸ್ಥಿಪಂಜರಕ್ಕೆ ಎಷ್ಟು ಇರಿದರೂ ಸಾಯುವುದಿಲ್ಲ. ಹಿಂದಕ್ಕೆ ತಳ್ಳುತ್ತಾ ಹೋಗಿ ಕೆಳಗೆ ಬೀಳಿಸಬೇಕು. ನಾವದನ್ನು ಕಂಡುಕೊಳ್ಳಲು ಎಷ್ಟು ಮಧ್ಯಾಹ್ನಗಳು ಹೋದವೋ!

ಆಟ ಬಂದಾಗ ಅದು ಇಷ್ಟು ಹೆಸರು ಮಾಡುತ್ತದೆ ಅಂತ ಯಾರಿಗೂ ಅನ್ನಿಸಿರಲಿಲ್ಲ. ಆಪಲ್ 2 ಎಂಬುದು 1977ರ ಯಂತ್ರ. 1989ರ ಹೊತ್ತಿಗೆ ಅದರ ಕಾಲ ಮುಗಿಯುತ್ತಾ ಬಂದಿತ್ತು. ಮೆಕ್ನರ್ ನಡುವೆ ಆಟದ ಕೆಲಸವನ್ನೇ ಬದಿಗಿಟ್ಟು ಸಿನಿಮಾ ಚಿತ್ರಕಥೆ ಬರೆಯಲು ಹೋಗಿದ್ದ. ವಾಪಸ್ ಬಂದು ಮುಗಿಸುವಾಗ, ಮುಗಿಯುತ್ತಿರುವ ಯಂತ್ರಕ್ಕೆ ಇಷ್ಟು ವರ್ಷ ಸುರಿದೆನಲ್ಲ ಎಂಬ ಆತಂಕ ಅವನಿಗಿತ್ತು. ಅವನ ಆ ಕಾಲದ ದಿನಚರಿ ಈಗ ಪ್ರಕಟವಾಗಿದೆ. ಮೊದಲಿಗೆ ಅಮೆರಿಕದಲ್ಲಿ ಮಾರಾಟ ಅಷ್ಟಕ್ಕಷ್ಟೇ ಆಗಿತ್ತು. ಜಪಾನ್, ಯೂರೋಪುಗಳ ಯಂತ್ರಗಳಿಗೆ ಹೋದ ಮೇಲೆ, ಮತ್ತೆ 1992ರಲ್ಲಿ ಮ್ಯಾಕಿಂಟಾಷ್‌ಗೆ ಬಂದ ಮೇಲೆ ಅದು ನಿಧಾನವಾಗಿ ಎಲ್ಲರ ಮನೆ ಸೇರಿತು. 2003ರಲ್ಲಿ ಇದೇ ಸರಣಿಯ ಸ್ಯಾಂಡ್ಸ್ ಆಫ್ ಟೈಮ್ ಎಂಬ ಆಟ ಬಂತು. ಅದರ ಮುಂದಿನ ಭಾಗ ಅಂತ ಶುರುವಾದ ಕೆಲಸವೇ ಬೆಳೆದು 2007ರಲ್ಲಿ ಅಸ್ಯಾಸಿನ್ಸ್ ಕ್ರೀಡ್ ಆಯಿತು. ಇವತ್ತು ಯಾವುದೋ ಆಟದಲ್ಲಿ ನಾಯಕ ಗೋಡೆಯ ಅಂಚು ಹಿಡಿದು ಮೇಲೇರುವುದನ್ನು ನೀವು ನೋಡಿದರೆ, ಪಾರ್ಕಿಂಗ್ ಜಾಗದ ಆ ಹುಡುಗನನ್ನು ಒಂದು ಸಲ ನೆನೆಸಿಕೊಳ್ಳಿ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಆಟದ ಮೂಲ ಕೋಡ್, ಅಂದರೆ ಮೆಕ್ನರ್ ಕಂಪ್ಯೂಟರಿಗೆ ಬರೆದ ಸೂಚನೆಗಳು, ಬಹಳ ವರ್ಷ ಕಳೆದುಹೋಗಿತ್ತು. ಮೆಕ್ನರ್ ಹುಡುಕಿದ್ದ, ಸಿಕ್ಕಿರಲಿಲ್ಲ. 2012ರಲ್ಲಿ ಅವನ ಅಪ್ಪ, ಅದೇ ಸಂಗೀತ ಕೊಟ್ಟ ಅಪ್ಪ, ಮನೆಯ ಕಪಾಟು ತೆಗೆದು ನೋಡುವಾಗ ಒಂದು ಪೆಟ್ಟಿಗೆ ಸಿಕ್ಕಿತು. ಒಳಗೆ ಮೂರೂವರೆ ಇಂಚಿನ ಫ್ಲಾಪಿಗಳು, ಅಂದರೆ ಆ ಕಾಲದ ಕಂಪ್ಯೂಟರ್ ಡಿಸ್ಕುಗಳು. ಒಂದರ ಮೇಲೆ ಆಟದ ಹೆಸರು, ಮೂಲ ಕೋಡ್, 1989 ಎಂದು ಬರೆದಿತ್ತು.

ಸಿಕ್ಕಿತು ಅಂದರೆ ಮುಗಿಯಲಿಲ್ಲ. ಫ್ಲಾಪಿಯಲ್ಲಿ ಬರಹ ನಿಲ್ಲುವುದು ಕಾಂತಶಕ್ತಿಯಿಂದ. ವರ್ಷ ಕಳೆದ ಹಾಗೆ ಅದು ಮಾಸುತ್ತದೆ. ಓದಲು ಹೋದಾಗಲೇ ಕೆಡಬಹುದು. ಮೆಕ್ನರ್ ಆತುರಪಟ್ಟು ಯಾವುದೋ ಯಂತ್ರಕ್ಕೆ ತುರುಕಲಿಲ್ಲ. ಹಳೆಯ ಡಿಜಿಟಲ್ ವಸ್ತುಗಳನ್ನು ಉಳಿಸುವ ಜೇಸನ್ ಸ್ಕಾಟ್, ಹಳೆಯ ಆಪಲ್ ಯಂತ್ರಗಳನ್ನು ಬಲ್ಲ ಟೋನಿ ಡಯಾಜ್ ಇಬ್ಬರನ್ನೂ ಕರೆಸಿದ. 2012ರ ಏಪ್ರಿಲ್‌ನಲ್ಲಿ ಎಲ್ಲರೂ ಕೂತು ಒಂದೊಂದೇ ಫ್ಲಾಪಿಯಿಂದ ಅದನ್ನು ಎತ್ತಿ ತೆಗೆದರು. ಆಮೇಲೆ ಮೆಕ್ನರ್ ಆ ಕೋಡನ್ನು ಎಲ್ಲರಿಗೂ ಓದಲು, ಕೋಡ್ ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಹಾಕಿದ. ಅತ್ತ ಅಭಿಮಾನಿಗಳು ಡಾಸ್ ಆವೃತ್ತಿಯನ್ನು ಬಿಚ್ಚಿ ನೋಡಿ, ಇಂದಿನ ಕಂಪ್ಯೂಟರಿನಲ್ಲಿ ಓಡುವ ಹಾಗೆ ಮತ್ತೆ ಕಟ್ಟಿದರು.

ನಿಮ್ಮ ಮನೆಯ ಕಪಾಟುಗಳಲ್ಲಿ ಹಳೆಯ ಫ್ಲಾಪಿ, ಸಿಡಿ, ಟೇಪು ಇದ್ದರೆ ಈ ವಾರವೇ ಹೊರಗೆ ತೆಗೆಯಿರಿ. ಇದನ್ನು ಬೇಡಿಕೊಂಡು ಹೇಳುತ್ತಿದ್ದೇನೆ. ಪುಸ್ತಕ ನೂರು ವರ್ಷ ಕಾಯುತ್ತದೆ. ಅವು ಕಾಯುವುದಿಲ್ಲ.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಹೇಳಬೇಕೆಂದು ಬಂದ ವಿಷಯ. ನೆರಳು.

ಮೆಕ್ನರ್ ಮೊದಲು ಮಾಡಹೊರಟ ಆಟದಲ್ಲಿ ಕಾಳಗವೇ ಇರಲಿಲ್ಲ. ಓಟ, ಜಿಗಿತ, ಬಲೆಗಳು, ಅಷ್ಟೇ. ಅವನ ಗೆಳತಿ, ಜೊತೆ ಕೆಲಸದ ಟೋಮಿ ಪಿಯರ್ಸ್, ನೋಡಿದಾಗಲೆಲ್ಲ ಇದಕ್ಕೆ ಕಾಳಗ ಬೇಕು ಅನ್ನುತ್ತಿದ್ದಳು. ಎದುರಾಳಿ ಬೇಕು ಅನ್ನುತ್ತಿದ್ದಳು. ಅವನ ಉತ್ತರ ಯಾವಾಗಲೂ ಒಂದೇ: ಮೆಮೊರಿಯಲ್ಲಿ ಜಾಗ ಇಲ್ಲ. ಅದು ನೆಪವಾಗಿರಲಿಲ್ಲ. ಆ ಯಂತ್ರದ ಒಂದು ಫ್ಲಾಪಿಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು 140 ಕಿಲೋಬೈಟ್. ಮೆಮೊರಿ ಅದಕ್ಕಿಂತ ಕಡಿಮೆ. ತಮ್ಮನ ಓಟ, ಜಿಗಿತ, ತೂಗಾಟದ ಚಿತ್ರಗಳೇ ಇದ್ದ ಜಾಗವನ್ನೆಲ್ಲ ತಿಂದಿದ್ದವು. ಇನ್ನೊಬ್ಬ ಮನುಷ್ಯನ ಚಿತ್ರಗಳನ್ನು ಎಲ್ಲಿಡುವುದು?

ಆಗ ಹೊಳೆದದ್ದು ಇದು. ಇನ್ನೊಬ್ಬ ಮನುಷ್ಯನೇ ಬೇಡ. ಇರುವ ಹುಡುಗನನ್ನೇ ಮತ್ತೊಮ್ಮೆ ತೋರಿಸಿದರೆ? ಅವನ ಚಿತ್ರವನ್ನು ತುಸು ಸರಿಸಿ, ಅದೇ ಚಿತ್ರದ ಮೇಲೆ ಒಂದು ಲೆಕ್ಕದ ಪ್ರಕಾರ ಕೂರಿಸಿದರೆ, ಒಳಗೆಲ್ಲ ಅಳಿಸಿಹೋಗಿ ಮಿನುಗುವ ಅಂಚು ಮಾತ್ರ ಉಳಿಯುತ್ತದೆ. ದೆವ್ವದ ಹಾಗೆ ಕಾಣುತ್ತದೆ. ಹೊಸ ಚಿತ್ರ ಒಂದೂ ಬೇಡ. ಹಾಗೆ ಹುಟ್ಟಿದವನು ನೆರಳು ಮನುಷ್ಯ. ಆಮೇಲೆ ಮೆಕ್ನರ್ ಹೇಗೋ ಹಿಂಡಿ ಜಾಗ ಮಾಡಿ ಕಾವಲುಗಾರರನ್ನೂ ತಂದ. ಆದರೆ ಮೊದಲು ಬಂದವನು ನೆರಳು. ಜಾಗ ಸಾಕಷ್ಟಿದ್ದಿದ್ದರೆ ಅವನು ಹುಟ್ಟುತ್ತಲೇ ಇರಲಿಲ್ಲ.

ಆಟದಲ್ಲಿ ಅವನು ಬರುವುದು ಹೀಗೆ. ನಾಲ್ಕನೇ ಹಂತದ ಕೊನೆಗೆ ದಾರಿಗೆ ಅಡ್ಡವಾಗಿ ಒಂದು ಕನ್ನಡಿ ನಿಂತಿರುತ್ತದೆ. ಮೊದಲು ಅಲ್ಲಿ ಅದು ಇರಲಿಲ್ಲ. ಪಕ್ಕದಲ್ಲಿ ದಾರಿಯಿಲ್ಲ. ಓಡಿಬಂದು ಕನ್ನಡಿಗೇ ಹಾರಬೇಕು. ಹಾರಿದರೆ ಹುಡುಗ ಆಚೆ ಹೋಗುತ್ತಾನೆ. ಅದೇ ಗಳಿಗೆಯಲ್ಲಿ ಕನ್ನಡಿಯಿಂದ ಅವನ ನೆರಳು ಈಚೆ ಹಾರಿ ಓಡಿಹೋಗುತ್ತದೆ. ಹುಡುಗನಲ್ಲಿ ಒಂದೇ ಒಂದು ಜೀವ ಉಳಿದಿರುತ್ತದೆ.

ಅಲ್ಲಿಂದ ಮುಂದೆ ನೆರಳು ನಮ್ಮನ್ನು ಕಾಡತೊಡಗುತ್ತದೆ. ಐದನೇ ಹಂತದಲ್ಲಿ ನಮಗೆ ಬೇಕಾದ ದೊಡ್ಡ ಸೀಸೆಯನ್ನು ನಮ್ಮ ಕಣ್ಣೆದುರೇ ಎತ್ತಿ ಕುಡಿದುಬಿಡುತ್ತದೆ. ಆರನೇ ಹಂತದ ಕೊನೆಗೆ ನಾವು ಜಿಗಿಯುವ ಹೊತ್ತಿಗೆ ಸರಿಯಾಗಿ ಗೇಟು ಮುಚ್ಚಿಸಿ ನಮ್ಮನ್ನು ಕೆಳಗೆ ಬೀಳಿಸುತ್ತದೆ. ನನಗೆ ಅದರ ಮೇಲೆ ಎಂಥ ದ್ವೇಷ ಇತ್ತು ಅಂದರೆ, ಜಾಫರ್ ಮೇಲೂ ಅಷ್ಟಿರಲಿಲ್ಲ. ಸಿಗಲಿ ಒಂದು ದಿನ, ನೋಡಿಕೊಳ್ತೀನಿ ಅಂತ ಕಾಯುತ್ತಿದ್ದೆ. ಇರಿಯುವ ಕೀ ನನ್ನದಲ್ವಾ.

ಅದು ಸಿಕ್ಕಿದ್ದು ಹನ್ನೆರಡನೇ ಹಂತದಲ್ಲಿ. ಬಹಳ ತಿಂಗಳ ಮೇಲೆ, ಒಂದು ರಜಾದಿನ, ನಾವು ಅಲ್ಲಿಗೆ ಮುಟ್ಟಿದೆವು. ಎತ್ತರದ ಗೋಪುರ. ಎದುರಿಗೆ ಬಂದು ನಿಂತದ್ದು ಕಾವಲುಗಾರನಲ್ಲ, ನೆರಳು. ಕೈಯಲ್ಲಿ ಕತ್ತಿ. ನಾನು ಇರಿದೆ. ತಗುಲಿತು. ಅದರ ಒಂದು ಜೀವ ಹೋಯಿತು. ನಾನು ಕೂಗಿದೆ. ಮತ್ತೆ ಇರಿದೆ, ಮತ್ತೆ ತಗುಲಿತು. ಸ್ವಲ್ಪ ಹೊತ್ತಿನಲ್ಲಿ ನಮ್ಮ ಹುಡುಗ ಬಿದ್ದು ಸತ್ತ. ಅವನನ್ನು ಯಾರು ಕೊಂದರೆಂದೇ ನನಗೆ ಗೊತ್ತಾಗಲಿಲ್ಲ.

ಎರಡನೇ ಸಲವೂ ಹಾಗೇ. ಮೂರನೇ ಸಲವೂ. ಗಡಿಯಾರ ಓಡುತ್ತಿತ್ತು. ನಾನು ಜಾಸ್ತಿ ಜೋರಾಗಿ, ಜಾಸ್ತಿ ಬೇಗ ಒತ್ತುತ್ತಿದ್ದೆ. ಅಕ್ಕ ಮಾತಾಡುತ್ತಿರಲಿಲ್ಲ. ಅವಳು ಕತ್ತಿಯನ್ನು ನೋಡುತ್ತಿರಲಿಲ್ಲ, ಪರದೆಯ ಕೆಳಗಿದ್ದ ಜೀವದ ಗುರುತುಗಳನ್ನು ನೋಡುತ್ತಿದ್ದಳು.

"ಅವನಿಗೆ ಒಂದು ಹೋದಾಗ ನಮ್ಮದೂ ಒಂದು ಹೋಗ್ತಿದೆ" ಅಂದಳು.

ನನಗೆ ಕೇಳುವ ತಾಳ್ಮೆ ಇರಲಿಲ್ಲ. ಮತ್ತೆ ನೆರಳಿನ ಎದುರಿಗೆ ಬಂದೆವು. ನನ್ನ ಬೆರಳು ಸಿದ್ಧವಾಗಿತ್ತು.

"ಶಿಫ್ಟ್ ಕೀಯಿಂದ ಕೈ ತೆಗಿ" ಅಂದಳು ಅಕ್ಕ.

"ಹೊಡೀತಾನೆ ಅಕ್ಕಾ!"

"ತೆಗಿಯೋ."

ತೆಗೆದೆ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ, ಇಲ್ಲದಿದ್ದರೆ ನಾನೇ ಒತ್ತಿಬಿಡುತ್ತಿದ್ದೆ. ಅಕ್ಕ ಕೆಳಬಾಣ ಒತ್ತಿದಳು. ಹುಡುಗ ಕತ್ತಿಯನ್ನು ಒಳಗಿಟ್ಟ. ಎದುರಿಗೆ ನೆರಳೂ ಕತ್ತಿಯನ್ನು ಒಳಗಿಟ್ಟಿತು. ಇಬ್ಬರೂ ಬರಿಗೈಯಲ್ಲಿ ನಿಂತರು.

ಅಷ್ಟು ತಿಂಗಳು ಒಂದು ಕೀ ಹಿಡಿದುಕೊಂಡು ಕೂತಿದ್ದೆ ನಾನು. ಅದನ್ನು ಒತ್ತದೇ ಇರುವುದೂ ಒಂದು ಆಟ ಅಂತ ಆವತ್ತಿನವರೆಗೆ ಹೊಳೆದಿರಲಿಲ್ಲ. ಇದನ್ನು ಆಟದಲ್ಲಿ ಯಾರೂ ಹೇಳುವುದಿಲ್ಲ, ಯಾವ ಬರಹವೂ ಮೂಡುವುದಿಲ್ಲ. ಹನ್ನೊಂದು ಹಂತ ಹೊಡೆಯುವುದನ್ನು ರೂಢಿ ಮಾಡಿಸಿ, ಹನ್ನೆರಡನೆಯದರಲ್ಲಿ ಅದೇ ರೂಢಿಯನ್ನು ನಿಮ್ಮ ಎದುರಾಳಿಯಾಗಿ ನಿಲ್ಲಿಸುತ್ತದೆ. ಆಮೇಲೆ ನಾನು ನೂರಾರು ಆಟ ಆಡಿದ್ದೇನೆ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ದೊಡ್ಡ ಮಾತು ಹೇಳಿದ ಇನ್ನೊಂದು ಕಂಡಿಲ್ಲ. ಒಂದೇ ಹುಡುಗನ ಚಿತ್ರ, ಎರಡು ಸಲ.

ಅಕ್ಕ ಮುಂದಕ್ಕೆ ಓಡಿಸಿದಳು. ನೆರಳೂ ನಮ್ಮ ಕಡೆಗೆ ಓಡಿಬಂತು. ಇಬ್ಬರೂ ಒಬ್ಬರೊಳಗೊಬ್ಬರು ಹೊಕ್ಕರು. ಪರದೆ ಬೆಳ್ಳಗೆ ಮಿಂಚಿತು. ನೋಡಿದರೆ ಒಬ್ಬನೇ ಇದ್ದ.

ಅವನ ಮುಂದೆ ನೆಲ ಮುಗಿದಿತ್ತು. ಆಚೆ ಬರೀ ಖಾಲಿ. ಅಷ್ಟು ಎತ್ತರದಿಂದ ಬಿದ್ದರೆ ಏನಾಗುತ್ತದೆ ಅಂತ ನಮ್ಮಿಬ್ಬರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನಾನು ಕೈಯನ್ನು ತೊಡೆಯ ಕೆಳಗಿನಿಂದ ಎಳೆದು ಶಿಫ್ಟ್ ಕೀ ಮೇಲೆ ಇಟ್ಟೆ. ಅಂಚು ಹಿಡಿಯುವುದು ನನ್ನ ಕೆಲಸ. ಅಕ್ಕ ಬಾಣದ ಕೀಯಿಂದ ಬೆರಳು ಎತ್ತಲಿಲ್ಲ. ಹುಡುಗ ಓಡುತ್ತಲೇ ಇದ್ದ. ಅವನು ಅಂಚು ದಾಟಿದ. ಅವನ ಕಾಲಿನ ಕೆಳಗೆ ಒಂದು ಚಪ್ಪಡಿ ಮೂಡಿತು. ಮುಂದಿನ ಹೆಜ್ಜೆಗೆ ಇನ್ನೊಂದು.